ರಾಷ್ಟ್ರಪತಿ ಬಂದ ದಿನ ನಾನು ಶಟರ್ ಹಿಂದೆ ಇದ್ದೆ

ನನ್ನ ಹತ್ತಿರ ರಾಷ್ಟ್ರಪತಿಗಳ ಜೊತೆ ನಿಂತ ಫೋಟೋ ಇಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಡಿಕೇರಿಗೆ ರಾಮನಾಥ ಕೋವಿಂದ್ ಅವರು ಬಂದಾಗ ನಮ್ಮ ಬೀದಿಯ ವರ್ತಕರ ಸಂಘಕ್ಕೆ ನಾನೇ ಅಧ್ಯಕ್ಷ. ಹಾಗಾಗಿ ಈಗಲೂ ಮದುವೆ ಮನೆಯಲ್ಲೋ ಸಂತೆಯಲ್ಲೋ ಸಿಕ್ಕವರು ಕೇಳುತ್ತಾರೆ, "ಏನ್ ಸಾರ್, ಅಧ್ಯಕ್ಷರಾಗಿದ್ದೂ ಒಂದು ಫೋಟೋ ತೆಗೆಸಿಕೊಳ್ಳಲಿಲ್ವಾ?" ಇಲ್ಲ. ಆ ದಿನದ್ದು ಅಂತ ನನ್ನ ಮೇಜಿನ ಡ್ರಾಯರ್‌ನಲ್ಲಿ ಇರುವುದು ಎರಡೇ. ನೂರು ಪುಟದ ಒಂದು ನೋಟ್‌ಬುಕ್, ಗೇಟು ದಾಟದ ಒಂದು ಪಾಸು.

ದಿನ 2021ರ ಫೆಬ್ರವರಿ 6, ಶನಿವಾರ. ಹಿಂದಿನ ದಿನ ಅವರು ಬೆಂಗಳೂರಿನಲ್ಲಿ ಏರೋ ಇಂಡಿಯಾ ಸಮಾರೋಪಕ್ಕೆ ಬಂದಿದ್ದರು. ಶನಿವಾರ ಕೊಡಗು. ಮೊದಲು ತಲಕಾವೇರಿ, ಆಮೇಲೆ ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ಅವರ ಸ್ಮಾರಕ ಮ್ಯೂಸಿಯಂ ಉದ್ಘಾಟನೆ. ಮ್ಯೂಸಿಯಂ ಆಗಿದ್ದು ತಿಮ್ಮಯ್ಯನವರ ಬಾಲ್ಯದ ಮನೆ ಸನ್ನಿ ಸೈಡ್. ನಮ್ಮ ತಲೆಮಾರಿನವರಿಗೆ ಅದು ಆರ್‌ಟಿಒ ಆಫೀಸು. ನಾನು ಸ್ಕೂಟರ್ ಲೈಸೆನ್ಸ್ ಮಾಡಿಸಿಕೊಂಡದ್ದು ಅಲ್ಲೇ. ತಿಮ್ಮಯ್ಯನವರು ಅಂದರೆ 1948ರಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದವರು, ಕೊರಿಯಾದಲ್ಲಿ ಯುದ್ಧ ಕೈದಿಗಳ ವಿಷಯ ನೋಡಿಕೊಂಡವರು, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದವರು, 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಕೆಲಸದಲ್ಲಿರುವಾಗಲೇ ತೀರಿಕೊಂಡವರು. ಅಂಥವರ ಮನೆಯ ವರಾಂಡದಲ್ಲಿ ನಾವು ಫಾರಂ ಹಿಡಿದು ಸಾಲಾಗಿ ನಿಲ್ಲುತ್ತಿದ್ದೆವು. ಅದು ಮ್ಯೂಸಿಯಂ ಆಗಬೇಕು ಅಂತ ಊರಿನವರು, ನಿವೃತ್ತ ಸೈನಿಕರು ವರ್ಷಗಟ್ಟಲೆ ಓಡಾಡಿದ್ದರು. ಹಾಗಾಗಿ ರಾಷ್ಟ್ರಪತಿ ಬರುತ್ತಾರೆ ಅಂದಾಗ ಊರಿಗೆ ಖುಷಿಯೇ.

ಆದರೆ ಅಂಗಡಿಯವರ ಮೊದಲ ಮಾತು, "ಶನಿವಾರಾನೇ ಬೇಕಿತ್ತಾ?"

ಅದನ್ನು ಸಣ್ಣತನ ಅಂತ ತಿಳಿಯಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಊರೂರೇ ಹೋಯಿತು. ಕೊಡಗು ಅಂದರೆ ಜನ ಹೆದರುವ ಹಾಗಾಯಿತು. ಮರುವರ್ಷ ಮತ್ತೆ ಮಳೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್. ಅದೇ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಜಾರಿ ಅರ್ಚಕರ ಮನೆಯನ್ನೇ ನುಂಗಿತು. ಮೂರು ವರ್ಷ ನಾವು ಬಾಡಿಗೆ ಕಟ್ಟಿದ್ದೇ ಸಾಧನೆ. ಡಿಸೆಂಬರ್‌ನಿಂದ ಈಚೆಗೆ ಬೆಂಗಳೂರಿನ ಕಾರುಗಳು ಮತ್ತೆ ಘಾಟಿ ಹತ್ತಲು ಶುರುವಾಗಿದ್ದವು. ಅವರು ಬರುವುದು ಶುಕ್ರವಾರ ರಾತ್ರಿ, ಕೊಳ್ಳುವುದು ಶನಿವಾರ, ಹೊರಡುವುದು ಭಾನುವಾರ. ನನ್ನದು ಕಾಫಿ ಪುಡಿ, ಕರಿಮೆಣಸು, ಏಲಕ್ಕಿ, ಜೇನಿನ ಅಂಗಡಿ. ವಾರದ ವ್ಯಾಪಾರದಲ್ಲಿ ಅರ್ಧ ಶನಿವಾರದ್ದೇ. ಮೇಲಾಗಿ ಶುಕ್ರವಾರ ಮಡಿಕೇರಿ ಸಂತೆ. ತೋಟದ ಕೂಲಿಯವರ ಲೈನ್‌ಮನೆಗಳಿಂದ ಜನ ಬರುವ ದಿನ. ರೊಬಸ್ಟಾ ಕಾಫಿ ಕೊಯ್ಲಿನ ಕಾಲ ಬೇರೆ, ಎಲ್ಲರ ಕೈಯಲ್ಲೂ ನಾಲ್ಕು ಕಾಸು ಇರುವ ಸಮಯ.

ಸುಮಾರು ಹನ್ನೆರಡು ದಿನ ಮುಂಚೆ ನಮ್ಮನ್ನು ಒಂದು ಸಭೆಗೆ ಕರೆದರು. ದೊಡ್ಡ ಸಭೆಯೇನಲ್ಲ, ಒಂದು ಕೋಣೆ, ಹತ್ತು ಪ್ಲಾಸ್ಟಿಕ್ ಕುರ್ಚಿ. ಬಂದೋಬಸ್ತ್ ನೋಡಿಕೊಳ್ಳುವ ಅಧಿಕಾರಿ ಒಂದೇ ಮಾತಲ್ಲಿ ಮುಗಿಸಿದರು. "ಆವತ್ತು ದಾರಿ ಪಕ್ಕದ ಅಂಗಡಿ ಬಂದ್. ಸಹಕಾರ ಕೊಡಿ."

ಹೊರಗೆ ಬಂದ ಕೂಡಲೇ ಗಲಾಟೆ ಶುರು. ಬೇಕರಿಯವರಿಗೆ ಅರ್ಥವಾದದ್ದು ಎರಡು ದಿನ ಬಂದ್ ಅಂತ. ಮೆಡಿಕಲ್ ಅಂಗಡಿಯವರಿಗೆ ಅರ್ಥವಾದದ್ದು ತಮಗೆ ವಿನಾಯಿತಿ ಇದೆ ಅಂತ. ಮೂಲೆಯ ಹೋಟೆಲಿನವರು ಕೆಲಸದವರಿಗೆ ಆಗಲೇ ರಜೆ ಹೇಳಿಬಿಟ್ಟಿದ್ದರು. ಒಂದೇ ಕೋಣೆಯಲ್ಲಿ ಕೂತು ಕೇಳಿದ ಮಾತು!

ಮರುದಿನ ಒಬ್ಬನೇ ಹೋದೆ. "ಸಾರ್, ಎಷ್ಟು ಗಂಟೆಯಿಂದ ಎಷ್ಟು ಗಂಟೆ ಅಂತ ಬರೆದು ಕೊಡ್ತೀರಾ?" ಅಂದೆ. ಅವರು ನಕ್ಕರು. ಇಂಥದ್ದನ್ನೆಲ್ಲ ಬರೆದು ಕೊಡಲು ಬರುವುದಿಲ್ಲ, ಭದ್ರತೆಯ ವಿಷಯ. ನ್ಯಾಯವೇ. ಆಗ ನನಗೆ ಹೊಳೆದದ್ದು ಇಷ್ಟು. ಅವರು ಬರೆಯಬಾರದು, ನಾನು ಬರೆಯಬಹುದಲ್ವಾ? ನೋಟ್‌ಬುಕ್ ತೆಗೆದು ನನಗೆ ಅರ್ಥವಾದದ್ದನ್ನು ಅಲ್ಲೇ ಬರೆದೆ. ಬರೆದದ್ದನ್ನು ಜೋರಾಗಿ ಓದಿದೆ. "ಬೆಳಿಗ್ಗೆ ಅಂಗಡಿ ತೆಗೆಯಬಹುದು." ಅವರು ಹೂಂ ಅಂದರು. "ಹಾಲು, ಪೇಪರು, ಬ್ರೆಡ್ಡಿನ ಗಾಡಿ ಬೆಳಿಗ್ಗೆ ಏಳರೊಳಗೆ ಬಂದು ಹೋಗಬೇಕು." ಹೂಂ. "ನೀವು ಹೇಳಿದ ಕೂಡಲೇ ಶಟರ್ ಎಳೆಯುತ್ತೇವೆ, ಒಳಗಿದ್ದವರು ಒಳಗೇ ಇರಬಹುದು." ಇಲ್ಲಿ ಸ್ವಲ್ಪ ಯೋಚಿಸಿದರು. "ಒಳಗೆ ಇರೋರ ಲಿಸ್ಟ್ ಕೊಡಿ, ಆಮೇಲೆ ಹೂಂ." ಹೀಗೆ ಹದಿನಾಲ್ಕು ಸಾಲು. ಹತ್ತಕ್ಕೆ ಹೂಂ ಬಂತು, ನಾಲ್ಕಕ್ಕೆ ಇಲ್ಲ. ಅವರ ಸಹಿ ಇಲ್ಲ, ಸೀಲಿಲ್ಲ. ಆದರೆ ಊರಿಗೆ ಹೇಳಲು ಒಂದು ಸರಿಯಾದ ಮಾತು ಸಿಕ್ಕಿತು. ಆ ಹನ್ನೆರಡು ದಿನದಲ್ಲಿ ನಾನು ಮಾಡಿದ ಅತಿ ಉಪಯೋಗದ ಕೆಲಸ ಇದೇ ಅಂತ ಈಗಲೂ ಅನ್ನಿಸುತ್ತದೆ. ಉಳಿದದ್ದೆಲ್ಲ ಓಡಾಟ.

ವಾಟ್ಸಾಪ್ ಸಂದೇಶ ನಾಲ್ಕು ಸಲ ತಿದ್ದಿದೆ. ಮೊದಲ ಸಲ ಬರೆದದ್ದರಲ್ಲಿ ಯಾವ ದಾರಿ, ಯಾವ ಹೊತ್ತು ಎಲ್ಲ ಇತ್ತು. ಬೀಟ್ ಪೊಲೀಸ್ ನೋಡಿ ತಲೆ ಚಚ್ಚಿಕೊಂಡರು. "ಅಣ್ಣಾ, ಇದನ್ನ ಗ್ರೂಪಿಗೆ ಹಾಕಿದ್ರೆ ನನ್ನ ಕೆಲಸ ಹೋಗತ್ತೆ." ಸರಿಯೇ ತಾನೆ. ಗಣ್ಯರು ಎಷ್ಟು ಹೊತ್ತಿಗೆ ಎಲ್ಲಿ ಹೋಗುತ್ತಾರೆ ಅನ್ನುವುದನ್ನು ಊರ ತುಂಬ ಹಂಚುವುದು ನಮ್ಮ ಕೆಲಸ ಅಲ್ಲ. ನಮ್ಮವರಿಗೆ ಬೇಕಾದದ್ದು ಅದಲ್ಲವೇ ಅಲ್ಲ. ಗಾಡಿ ಎಷ್ಟು ಹೊತ್ತು ಓಡುವುದಿಲ್ಲ, ಪಾರ್ಕಿಂಗ್ ಎಲ್ಲಿ, ಅಷ್ಟೇ. ಕೊನೆಗೆ ಐದು ಸಾಲಿಗೆ ಬಂತು. ಹೋಂಸ್ಟೇಯವರು ಅದನ್ನೇ ತಮ್ಮ ಅತಿಥಿಗಳಿಗೆ ಕಳಿಸಿದರು. "ರೋಡ್ ಬಂದ್ ಅಂತೆ, ಬರಬೇಕಾ ಬೇಡ್ವಾ?" ಅಂತ ಬೆಂಗಳೂರಿನಿಂದ ಬರುತ್ತಿದ್ದ ಫೋನು ಸ್ವಲ್ಪ ಕಮ್ಮಿಯಾಯಿತು.

ಆಮೇಲೆ ಮನೆ ಮನೆ ಪಟ್ಟಿ. ಯಾವ ಕಟ್ಟಡದಲ್ಲಿ ಯಾರಿದ್ದಾರೆ, ಮೇಲಿನ ಮಹಡಿಯಲ್ಲಿ ಯಾರು ಬಾಡಿಗೆಗಿದ್ದಾರೆ, ತಾರಸಿಯ ಬೀಗದ ಕೈ ಯಾರ ಹತ್ತಿರ. ನಮ್ಮದೇ ಕಟ್ಟಡದ ತಾರಸಿಯಲ್ಲಿ ನನ್ನ ಅಮ್ಮ ಟಾರ್ಪಾಲು ಹಾಸಿ ಮೆಣಸು ಒಣಹಾಕಿದ್ದರು. ಹೊಸ ಮೆಣಸು, ಇನ್ನೂ ಮೂರು ಬಿಸಿಲು ಬೇಕಿತ್ತು. ತಾರಸಿ ನೋಡಲು ಬಂದ ಇಬ್ಬರಿಗೂ ಅಮ್ಮನೇ ಎದುರಾದರು.

"ಅಮ್ಮಾ, ಶನಿವಾರ ಇದೆಲ್ಲ ತೆಗೀಬೇಕು. ಮೇಲೆ ಯಾರೂ ಬರೋ ಹಾಗಿಲ್ಲ."

"ಯಾರು ಬರ್ತಾರಂತೆ?"

"ರಾಷ್ಟ್ರಪತಿಗಳು."

"ತಾರಸಿಗಾ?"

ಆ ಹುಡುಗರು ನಗು ತಡೆದುಕೊಂಡು ಇಳಿದು ಹೋದರು. ಅಮ್ಮ ಮಾತ್ರ ಶುಕ್ರವಾರ ಸಂಜೆಯೇ ಮೆಣಸನ್ನು ಗೋಣಿಗೆ ತುಂಬಿದರು. ಸುಮ್ನೆ ತುಂಬಲಿಲ್ಲ. ಅರ್ಧ ಒಣಗಿದ ಮೆಣಸನ್ನು ಚೀಲದಲ್ಲಿಟ್ಟರೆ ಬೂಸು ಹಿಡಿಯುತ್ತದೆ ಅಂತ ರಾತ್ರಿ ಮತ್ತೆ ಒಳಕೋಣೆಯಲ್ಲಿ ಚಾಪೆ ಮೇಲೆ ಹರಡಿ ಫ್ಯಾನ್ ಹಾಕಿದರು. ಅವತ್ತು ನಾವೆಲ್ಲ ಹಾಲ್‌ನಲ್ಲಿ ಮಲಗಿದೆವು.

ರಸ್ತೆ ರಿಪೇರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೊಡ್ಡವರು ಬರುವಾಗ ಯಾವ ಊರಲ್ಲೂ ಆಗುವುದೇ. ನನಗೆ ನೆನಪಿರುವುದು ಡಾಂಬರಿನ ವಾಸನೆ. ನಮ್ಮ ಅಂಗಡಿ ಮುಂದೆ ಡಾಂಬರು ಹಾಕಿದ ದಿನ ನಾನು ಸಭೆಗೆ ಹೋಗಿದ್ದೆ. ಅಂಗಡಿಯ ಹುಡುಗ ಆಗತಾನೆ ಹುರಿದು ಬಂದ ಬೀಜವನ್ನು ತಟ್ಟೆಗಳಲ್ಲಿ ಆರಲು ಬಿಟ್ಟಿದ್ದ. ಕಾಫಿ ಬೀಜಕ್ಕೆ ಒಂದು ಬುದ್ಧಿ ಇದೆ. ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಎಳೆದುಕೊಳ್ಳುತ್ತದೆ. ಸೋಪಿನ ಪಕ್ಕ ಇಟ್ಟರೆ ಸೋಪು, ಒಣಮೀನಿನ ಪಕ್ಕ ಇಟ್ಟರೆ ಒಣಮೀನು. ಸಂಜೆ ಗ್ರೈಂಡರ್‌ಗೆ ಹಾಕಿದರೆ ಅಂಗಡಿ ತುಂಬ ಹೊಸ ರಸ್ತೆಯ ವಾಸನೆ. ಎಂಟು ಕಿಲೋ ಬಿಸಾಡಿದೆ. ಗುಂಡಿ ಮುಚ್ಚಿದ್ದರ ಲೆಕ್ಕದಲ್ಲಿ ನನ್ನ ಪಾಲು ಅಂದುಕೊಂಡೆ.

ಸ್ವಾಗತದ ಬ್ಯಾನರ್ ಕಥೆ ಬೇರೆ. ಬಟ್ಟೆ ಬ್ಯಾನರ್ ಬರೆಸೋಣ ಅಂತ ತೀರ್ಮಾನವಾಯಿತು. ನಾನು ಬರೆದುಕೊಟ್ಟದ್ದು 'ಘನತೆವೆತ್ತ ರಾಷ್ಟ್ರಪತಿಗಳಾದ' ಅಂತ. ಸಂಘದಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, ಈಗ ಪುಸ್ತಕದ ಅಂಗಡಿ ಇಟ್ಟಿದ್ದಾರೆ. ಅವರು ತಡೆದರು. ಪ್ರಣವ್ ಮುಖರ್ಜಿ ಅವರು ರಾಷ್ಟ್ರಪತಿಯಾಗಿದ್ದಾಗ, 2012ರಲ್ಲೇ ದೇಶದೊಳಗಿನ ಸಮಾರಂಭಗಳಲ್ಲಿ ಇಂಥ ಬಿರುದೆಲ್ಲ ಬೇಡ ಅಂತ ಆಗಿದೆ, 'ಮಾನ್ಯ ರಾಷ್ಟ್ರಪತಿ' ಅಂದರೆ ಸಾಕು ಅಂದರು. ಸರಿ, ತಿದ್ದಿದೆವು. ಪೇಂಟರ್ ಬರೆದು ತಂದಾಗ 'ಮಾನ್ಯ' ಸರಿಯಾಗಿತ್ತು, ಹೆಸರು ಮಾತ್ರ 'ರಾಮನಾಥ ಗೋವಿಂದ್' ಆಗಿತ್ತು. "ಕೋವಿಂದ್ ಅಂತ ಯಾರಾದರೂ ಹೆಸರಿಡ್ತಾರಾ ಸಾರ್, ನೀವು ಬರೆದದ್ದು ತಪ್ಪು ಅಂತ ನಾನೇ ಸರಿ ಮಾಡಿದೆ" ಅಂದ. ಮತ್ತೆ ಬರೆಸಿದೆವು. ಕೊನೆಗೆ ದಾರಿಯಲ್ಲಿ ಬ್ಯಾನರ್‌ಗೇ ಅವಕಾಶ ಇಲ್ಲ ಅಂದರು. ಅದು ಈಗ ನಮ್ಮ ಗೋಡೌನ್‌ನಲ್ಲಿ ಏಲಕ್ಕಿ ಮೂಟೆಗೆ ಹೊದಿಕೆ.

ಉಡುಗೊರೆಯೂ ಹಾಗೇ ಆಯಿತು. ತೇಗದ ಸಣ್ಣ ಪೆಟ್ಟಿಗೆ ಮಾಡಿಸಿ ಅದರಲ್ಲಿ ಅರೇಬಿಕಾ ಪುಡಿ, ಕರಿಮೆಣಸು, ಏಲಕ್ಕಿ, ಜೇನು ಇಟ್ಟೆವು. ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಜಿಐ ಗುರುತು, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಸರ್ಕಾರಿ ಮಾನ್ಯತೆ, ಸಿಕ್ಕಿತ್ತಲ್ವಾ, ಅದರ ಒಂದು ಚೀಟಿಯನ್ನೂ ಅಂಟಿಸಿದ್ದೆವು. ಪೆಟ್ಟಿಗೆ ಎತ್ತಿಕೊಂಡು ಹೋಗಿ ತೋರಿಸಿದಾಗ ಅಲ್ಲಿದ್ದವರು ಒಂದೇ ಪ್ರಶ್ನೆ ಕೇಳಿದರು. "ತಿನ್ನೋ ವಸ್ತುನಾ?" ಹೌದು ಅಂದೆ. "ಬೇಡ." ಅಷ್ಟೇ. ಯಾರು ಏನು ಕೊಡಬೇಕು ಅನ್ನುವ ಪಟ್ಟಿ ಮೊದಲೇ ಆಗಿಹೋಗಿರುತ್ತದೆ, ನಡುವೆ ತೂರಿಸಲು ಆಗುವುದಿಲ್ಲ. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಪೆಟ್ಟಿಗೆ ವಾಪಸ್ ಅಂಗಡಿಗೆ ಬಂತು.

ಈಗ ನನ್ನ ತಪ್ಪಿನ ವಿಷಯ.

ಶನಿವಾರಕ್ಕೆ ಅಂತ ನಾನು ಒಂದು ಪಟ್ಟಿ ಮಾಡಿದ್ದೆ. ಆ ದಿನ ಆಸ್ಪತ್ರೆಗೆ ಹೋಗಲೇಬೇಕಾದವರು, ಗರ್ಭಿಣಿಯರು, ಮದುವೆಗೆ ಹೊರಟವರು. ಒಟ್ಟು ಒಂಬತ್ತು ಹೆಸರು. ಅದನ್ನು ಸರ್ಕಲ್ ಇನ್ಸ್‌ಪೆಕ್ಟರ್‌ಗೆ ಕೊಟ್ಟು, ಯಾರು ಎಷ್ಟು ಹೊತ್ತಿಗೆ ಹೊರಡಬೇಕು ಅಂತ ಕೇಳಿಕೊಂಡು, ಒಬ್ಬೊಬ್ಬರ ಮನೆಗೂ ಹೋಗಿ ಹೇಳಿ ಬಂದಿದ್ದೆ. ಎದೆಯುಬ್ಬಿಸಿಕೊಂಡೇ ಓಡಾಡುತ್ತಿದ್ದೆ ಅನ್ನಿ. ಆದರೆ ಹಿಂದಿನ ದಿನ ಪೂರ್ತಿ ತಾಲೀಮು ಇರುತ್ತದೆ ಅನ್ನುವುದು ನನ್ನ ತಲೆಗೇ ಬಂದಿರಲಿಲ್ಲ. ಅಂದರೆ ಶನಿವಾರ ಎಷ್ಟು ಗಾಡಿ ಬರುತ್ತವೋ ಅಷ್ಟೇ ಗಾಡಿ ಶುಕ್ರವಾರವೂ ಅದೇ ದಾರಿಯಲ್ಲಿ ಓಡುತ್ತವೆ. ರಸ್ತೆಯನ್ನೂ ಅದೇ ಥರ ತಡೆಯುತ್ತಾರೆ. ಒಳಗೆ ರಾಷ್ಟ್ರಪತಿ ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಶುಕ್ರವಾರ ಸಂತೆ. ಗೋಣಿ ಹೊತ್ತವರು, ತರಕಾರಿ ಜೀಪು, ಬಸ್ಸಿಗೆ ಓಡುವವರು, ಎಲ್ಲರೂ ಇದ್ದ ಹಾಗೇ ನಿಂತುಬಿಟ್ಟರು.

ನಮ್ಮ ಸಾಲಿನಲ್ಲಿ ಒಬ್ಬರು ಟೈಲರ್ ಇದ್ದಾರೆ. ಅವರ ಹೆಂಡತಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಮಂಗಳವಾರ, ಶುಕ್ರವಾರ. ಶನಿವಾರ ಅಲ್ಲದ್ದರಿಂದ ನನ್ನ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಡಯಾಲಿಸಿಸ್ ಮುಗಿಸಿಕೊಂಡು ಆಟೋದಲ್ಲಿ ವಾಪಸ್ ಬರುವಾಗ ಸಿಕ್ಕಿಹಾಕಿಕೊಂಡರು. ನಾನು ಓಡಿ ಹೋದೆ. ಆಟೋದ ಪರದೆ ಸರಿಸಿದರೆ ಅವರು ಗಂಡನ ಹೆಗಲಿಗೆ ಒರಗಿದ್ದಾರೆ. ಎಡಗೈಯ ಬ್ಯಾಂಡೇಜನ್ನು ಬಲಗೈಯಿಂದ ಒತ್ತಿ ಹಿಡಿದಿದ್ದಾರೆ. ತುಟಿ ಒಣಗಿದೆ. ನೀರು ಕೊಡಲೂ ಭಯ, ಅವರಿಗೆ ನೀರು ಅಳೆದು ಕುಡಿಯಬೇಕು. ಅಲ್ಲಿ ನಿಂತಿದ್ದ ಕಾನ್‌ಸ್ಟೇಬಲ್‌ಗೆ ಹೇಳಿದೆ. ಆತ ಬೇರೆ ಜಿಲ್ಲೆಯವನು, ನನ್ನ ಗುರುತಿಲ್ಲ. ವಾಕಿಟಾಕಿಯಲ್ಲಿ ಕೇಳಿದ, ಉತ್ತರ ಬರಲಿಲ್ಲ, ಮತ್ತೆ ಕೇಳಿದ. ಐವತ್ತು ನಿಮಿಷ. ಟೈಲರ್ ನನಗೆ ಒಂದು ಮಾತೂ ಬೈಯಲಿಲ್ಲ. "ಇರ್ಲಿ ಬಿಡಿ ಅಣ್ಣ, ನೀವೇನು ಮಾಡ್ತೀರಿ" ಅಂದರು. ಬೈದಿದ್ದರೆ ವಾಸಿ ಇತ್ತು.

ಆ ರಾತ್ರಿ ಒಂಬತ್ತು ಮನೆಗೂ ಇನ್ನೊಂದು ಸುತ್ತು ಹೋದೆ. ಏನು ಕೆಲಸ ಇರಲಿಲ್ಲ, ಸುಮ್ನೆ ಮನೆಯಲ್ಲಿ ಕೂರಲು ಆಗಲಿಲ್ಲ.

ವಾಪಸ್ ಬರುವಾಗ ಹತ್ತೂವರೆ. ಫೆಬ್ರವರಿಯ ಮಡಿಕೇರಿ ರಾತ್ರಿ ಹೇಗಿರುತ್ತದೆ ಅಂತ ಗೊತ್ತಿದ್ದವರಿಗೆ ಗೊತ್ತು. ನಮ್ಮ ಅಂಗಡಿ ಮೆಟ್ಟಿಲ ಮೇಲೆ ಮೂರು ಜನ ಪೊಲೀಸರು ಕೈ ಉಜ್ಜಿಕೊಳ್ಳುತ್ತ ಕೂತಿದ್ದರು. ಬಯಲುಸೀಮೆಯ ಹುಡುಗರು, ಸ್ವೆಟರ್ ತಂದಿಲ್ಲ. "ಇಲ್ಲಿ ಈ ಪಾಟಿ ಚಳಿ ಅಂತ ಯಾರೂ ಹೇಳ್ಲಿಲ್ಲ ಸಾರ್" ಅಂದ ಒಬ್ಬ. ಶಟರ್ ಅರ್ಧ ಎತ್ತಿ ಗ್ಯಾಸ್ ಒಲೆ ಹಚ್ಚಿದೆ. ಎದುರಿಗೆ ಆ ತೇಗದ ಪೆಟ್ಟಿಗೆ ಇತ್ತು. ಇನ್ನು ಯಾರಿಗೆ ಅಂತ ಇಡಲಿ? ಅದರಲ್ಲಿದ್ದ ಪುಡಿಯನ್ನೇ ಒಡೆದು ಡಿಕಾಕ್ಷನ್ ಇಳಿಸಿದೆ. ಹಾಲು ಮುಗಿದಿತ್ತು. ಕರಿ ಕಾಫಿಗೆ ಪೆಟ್ಟಿಗೆಯದೇ ಜೇನು ಎರಡು ಚಮಚ. ಸುದ್ದಿ ಹೇಗೆ ಹೋಯಿತೋ, ಹನ್ನೊಂದೂವರೆ ಹೊತ್ತಿಗೆ ಹದಿನೈದು ಜನ. ಲೋಟ ಸಾಲದೆ ಜೇನಿನ ಖಾಲಿ ಬಾಟಲಿಗಳಲ್ಲಿ ಕೊಟ್ಟೆ. ಬೆಳಿಗ್ಗೆ ರಸ್ತೆಯಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ, ಯಾರನ್ನು ಕೇಳಿದರೆ ಕೆಲಸ ಆಗುತ್ತದೆ ಅನ್ನುವುದು ನನಗೆ ತಿಳಿದದ್ದು ಆ ಒಂದು ಗಂಟೆಯಲ್ಲಿ. ಯಾವ ಸಭೆಯಲ್ಲೂ ಅಲ್ಲ. ಈ ಕಾಫಿ ತಾಲೀಮಿನ ಹಿಂದಿನ ರಾತ್ರಿ ಆಗಬೇಕಿತ್ತು, ಒಂದು ದಿನ ತಡವಾಯಿತು.

ಶನಿವಾರ ಪೊಲೀಸರಿಗೆ ಇನ್ನೊಂದು ತಲೆನೋವಿತ್ತು. ಅದೇ ದಿನ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ರೈತ ಸಂಘಟನೆಗಳು ದೇಶದ ತುಂಬ ಹೆದ್ದಾರಿ ತಡೆಗೆ ಕರೆ ಕೊಟ್ಟಿದ್ದವು. ದೆಹಲಿಯ ಗಡಿಯಲ್ಲಿ ರೈತರು ಕೂತಿದ್ದ ಕಾಲ. ಹಾಗಾಗಿ ಬೆಳಿಗ್ಗೆಯಿಂದಲೇ ಪೊಲೀಸರ ಮುಖ ಬಿಗಿದಿತ್ತು.

ನನಗೂ ಕಾರ್ಯಕ್ರಮಕ್ಕೆ ಪಾಸು ಸಿಕ್ಕಿತ್ತು. ಕೋವಿಡ್ ಕಾಲ, ಕರೆದದ್ದೇ ಕಮ್ಮಿ ಜನರನ್ನು. ಆರ್‌ಟಿಪಿಸಿಆರ್ ಮಾಡಿಸಿದೆ, ನೆಗೆಟಿವ್ ಬಂತು. ಹೊಸ ಬಿಳಿ ಶರಟು, ಇಸ್ತ್ರಿ. ಮೊಬೈಲ್ ಮನೆಯಲ್ಲೇ ಬಿಟ್ಟೆ. ಗೇಟಿನಲ್ಲಿ ಪಾಸು ನೋಡಿದರು, ಆಧಾರ್ ನೋಡಿದರು, ಮತ್ತೆ ಪಾಸು ನೋಡಿದರು. ನಮ್ಮ ಕಡೆ ಹೆಸರಿನ ಹಿಂದೆ ಮನೆಹೆಸರು ಸೇರಿಸುತ್ತೇವೆ. ಆಧಾರ್‌ನಲ್ಲಿ ಅದು ಪೂರ್ತಿ ಇದೆ. ಪಟ್ಟಿಗೆ ಬರೆದುಕೊಡುವಾಗ ನಾನು ಮನೆಹೆಸರು ಬಿಟ್ಟು, ಎಲ್ಲರಿಗೂ ಗೊತ್ತಾಗಲಿ ಅಂತ ಅಂಗಡಿ ಹೆಸರು ಸೇರಿಸಿದ್ದೆ. ಊರಿಗೆಲ್ಲ ಗೊತ್ತು, ಗೇಟಿನವರಿಗೆ ಗೊತ್ತಿಲ್ಲ. "ಪಕ್ಕಕ್ಕೆ ನಿಂತಿರಿ, ವಿಚಾರಿಸ್ತೀವಿ" ಅಂದರು. ವಿಚಾರಿಸಿದರು ಕೂಡ. ಅಷ್ಟರಲ್ಲಿ ಒಳಗೆ ಬಿಡುವ ಹೊತ್ತು ಮುಗಿದಿತ್ತು. ಅವರ ತಪ್ಪೇನಿಲ್ಲ. ಅರವತ್ತೆರಡು ಅಂಗಡಿಯವರ ಹೆಸರನ್ನು ಆಧಾರ್ ನೋಡಿ ನೋಡಿ ಬರೆದಿದ್ದೆ, ನನ್ನದೊಂದನ್ನು ಬಾಯಿಪಾಠದಿಂದ ಬರೆದಿದ್ದೆ.

ಅಲ್ಲಿಂದ ಬಿರಬಿರನೆ ನಡೆದು ಅಂಗಡಿ ಸೇರುವಾಗ ಶಟರ್ ಎಳೆಯುವ ಸೂಚನೆ ಬರುತ್ತಿತ್ತು. ಒಳಗೆ ಹನ್ನೊಂದು ಜನ. ನಾನು, ಹುಡುಗ, ಬೇಕರಿಯವರು, ಬೆಂಗಳೂರಿನ ಒಂದು ಸಂಸಾರ ಮಗು ಸಮೇತ, ಜೇನು ಕೊಳ್ಳಲು ಬಂದು ಸಿಕ್ಕಿಕೊಂಡ ಕಾಲೇಜು ಹುಡುಗಿಯರು. ಎಲ್ಲರ ಹೆಸರನ್ನೂ ಬರೆದು ಬಾಗಿಲಲ್ಲಿದ್ದ ಪೊಲೀಸಿಗೆ ಕೊಟ್ಟೆ. ರಾತ್ರಿ ಜೇನಿನ ಬಾಟಲಿಯಲ್ಲಿ ಕಾಫಿ ಕುಡಿದವನೇ ಅವನು. ಶಟರನ್ನು ಪೂರ್ತಿ ಮುಚ್ಚಿಸಲಿಲ್ಲ, ಒಂದು ಗೇಣು ಬಿಟ್ಟ. "ಗಾಳಿ ಬರ್ಲಿ" ಅಂದ.

ಆ ಒಂದು ಗೇಣಿನಲ್ಲಿ ಹನ್ನೊಂದು ಜನ ನೆಲಕ್ಕೆ ಕೆನ್ನೆ ಹಚ್ಚಿ ನೋಡಿದೆವು. ಮೊದಲು ಏನೂ ಇಲ್ಲ. ನಮ್ಮ ಬೀದಿಯನ್ನು ಅಷ್ಟು ಖಾಲಿಯಾಗಿ ನಾನು ಕಂಡಿದ್ದು ಲಾಕ್‌ಡೌನ್‌ನಲ್ಲಿ ಮಾತ್ರ. ಒಂದು ನಾಯಿ ರಸ್ತೆ ನಡುವೆ ಬಂತು, ಯಾರದೋ ಶೂ ಓಡಿಬಂದು ಅದನ್ನು ಓಡಿಸಿತು. ಆಮೇಲೆ ಬೈಕಿನ ಚಕ್ರ, ಜೀಪಿನ ಚಕ್ರ, ಕರಿ ಕಾರುಗಳ ಚಕ್ರ. ಒಂದಾದ ಮೇಲೊಂದು, ಸದ್ದೇ ಇಲ್ಲದ ಹಾಗೆ. ನಾನು ಎಣಿಸಲು ಹೊರಟು ತಪ್ಪಿದೆ. ಇಪ್ಪತ್ತು ಸೆಕೆಂಡೋ ಮೂವತ್ತೋ. ಮಗು ಕೇಳಿತು, "ಯಾವ್ದು ಪ್ರೆಸಿಡೆಂಟ್ ಅಂಕಲ್?" ಬೇಕರಿಯವರು ತಡಮಾಡಲಿಲ್ಲ. "ದಪ್ಪ ಟೈರಿಂದು."

ನಾನು ಕಂಡ ರಾಷ್ಟ್ರಪತಿ ಭೇಟಿ ಇಷ್ಟೇ.

ಅವರು ವಾಪಸ್ ಹೋಗಿ, ಎಲ್ಲ ತೆರವಾಗಿ, ಶಟರ್ ಎತ್ತುವಾಗ ಸಂಜೆ ಬಿಸಿಲು ಇಳಿಯುತ್ತಿತ್ತು. ಜನ ಒಮ್ಮೆಲೇ ಬೀದಿಗಿಳಿದರು. ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಕೋಣೆಗಳಲ್ಲಿ ಕೂತು ಬೇಸತ್ತಿದ್ದ ಪ್ರವಾಸಿಗರು, ಡ್ಯೂಟಿ ಮುಗಿದ ಪೊಲೀಸರು, ಕಾರ್ಯಕ್ರಮದಿಂದ ಬಂದವರು, ಎಲ್ಲರೂ ರಾತ್ರಿ ಒಂಬತ್ತರವರೆಗೆ ಕೊಂಡರು. ಇಡೀ ದಿನದ ನಷ್ಟ ತುಂಬಲಿಲ್ಲ, ಆದರೆ ಹೆದರಿದಷ್ಟು ಆಗಲಿಲ್ಲ. ಬಯಲುಸೀಮೆ ಹುಡುಗರು ಮನೆಗೆ ಅಂತ ಮೆಣಸು, ಕಾಫಿ ಪುಡಿ ಒಯ್ದರು. ಹತ್ತು ಪರ್ಸೆಂಟ್ ಬಿಟ್ಟೆ.

ನಿಜವಾಗಿ ಸೋತವರು ನಮ್ಮ ಸಂಘದಲ್ಲಿ ಇಲ್ಲದವರು. ಚುರುಮುರಿ ಗಾಡಿ, ಸೌತೆಕಾಯಿ ಬುಟ್ಟಿ, ಬಲೂನು ಮಾರುವ ಹುಡುಗ. ಅವರನ್ನು ಗುರುವಾರವೇ ಎಬ್ಬಿಸಿದ್ದರು. ಅಂದರೆ ಮೂರು ದಿನದ ದುಡಿಮೆ ಹೋಯಿತು. ಹನ್ನೆರಡು ದಿನ ಊರೆಲ್ಲ ಸುತ್ತಿದ ನನ್ನ ನೋಟ್‌ಬುಕ್ಕಿನಲ್ಲಿ ಅವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಮುಂದಿನ ವಾರ ಸಂಘದ ದುಡ್ಡಿನಿಂದ ತಲಾ ಸಾವಿರ ರೂಪಾಯಿ ಕೊಟ್ಟೆವು. ಇಬ್ಬರು ಸದಸ್ಯರು ವಿರೋಧ ಮಾಡಿದರು, "ಅವರೇನು ಚಂದಾ ಕಟ್ತಾರಾ" ಅಂತ. ಆ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ಬಂದೋಬಸ್ತಿಗೆ ಬಂದವರ ಊಟ, ಕೋಣೆಯ ಬಿಲ್ಲು ನಮ್ಮಲ್ಲಿ ಕೆಲವರಿಗೆ ತುಂಬ ತಡವಾಗಿ ಬಂತು. ಇನ್ನೊಮ್ಮೆ ಆದರೆ ಯಾರು ಕೊಡುತ್ತಾರೆ, ಯಾವ ಹೆಸರಿಗೆ ಬಿಲ್ಲು ಬರೆಯಬೇಕು ಅಂತ ಮೊದಲ ದಿನವೇ ಕೇಳಿಕೊಳ್ಳುತ್ತೇನೆ.

ಭೇಟಿಯಿಂದ ಊರಿಗೆ ಏನು ಬಂತು ಅಂತ ಕೇಳುತ್ತಾರೆ. ಮ್ಯೂಸಿಯಂ ಬಂತು. ರಾಜಾಸೀಟಿಗೆ ಬಂದವರು ಅದನ್ನೂ ನೋಡಿಕೊಂಡು ಹೋಗುತ್ತಾರೆ. ಆದರೆ ಆ ಶನಿವಾರವಾಗಿ ಎಂಬತ್ತನೇ ದಿನಕ್ಕೆ, ಏಪ್ರಿಲ್ 27ರ ರಾತ್ರಿಯಿಂದ, ರಾಜ್ಯಕ್ಕೆ ಮತ್ತೆ ಲಾಕ್‌ಡೌನ್. ಲೆಕ್ಕ ಹಾಕುವ ಮೊದಲೇ ಪುಸ್ತಕ ಮುಚ್ಚಿದ ಹಾಗಾಯಿತು.

ಅದೇ ಜೂನ್ ಕೊನೆಯಲ್ಲಿ ಒಂದು ಸುದ್ದಿ ಓದಿದೆ. ಕಾನ್ಪುರದಲ್ಲಿ ರಾಷ್ಟ್ರಪತಿಗಳ ಭೇಟಿಗಾಗಿ ರಸ್ತೆ ತಡೆದಾಗ, ಆಸ್ಪತ್ರೆಗೆ ಹೋಗುತ್ತಿದ್ದ ಮಹಿಳೆಯೊಬ್ಬರ ಕಾರು ಸಿಕ್ಕಿಹಾಕಿಕೊಂಡು ಅವರು ತೀರಿಹೋದರು. ಪೊಲೀಸರು ಕ್ಷಮೆ ಕೇಳಿದರು, ರಾಷ್ಟ್ರಪತಿಗಳೂ ನೊಂದುಕೊಂಡರು ಅಂತ ಇತ್ತು. ಪೇಪರ್ ಮಡಚಿಟ್ಟು ಟೈಲರ್ ಅಂಗಡಿಗೆ ಹೋದೆ. ಅವರು ಅದನ್ನು ಓದಿರಲಿಲ್ಲ. ನಾನೂ ಹೇಳಲಿಲ್ಲ. ಒಂದು ಪ್ಯಾಂಟು ಅಳತೆ ಕೊಟ್ಟು ಬಂದೆ.

2022ರ ಸೆಪ್ಟೆಂಬರ್‌ನಲ್ಲಿ ಮೈಸೂರಿನಿಂದ ಫೋನು. ನನ್ನ ಹತ್ತಿರ ಕಾಫಿ ಬೀಜ ಕೊಳ್ಳುವ ವ್ಯಾಪಾರಿ, ಅವರ ಬೀದಿಯ ಸಂಘದ ಕಾರ್ಯದರ್ಶಿ. ದಸರಾ ಉದ್ಘಾಟನೆಗೆ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು 26ರಂದು ಚಾಮುಂಡಿ ಬೆಟ್ಟಕ್ಕೆ ಬರುವವರಿದ್ದರು. "ನಿಮಗೆ ಅನುಭವ ಇದೆಯಲ್ಲ ಅಣ್ಣ, ಏನೇನು ಮಾಡ್ಬೇಕು ಹೇಳಿ. ಸ್ವಾಗತಕ್ಕೆ ಪೇಟ ಮೈಸೂರಿಂದೇ ಕೊಡೋಣ ಅಂತಿದ್ದೀವಿ. ಬ್ಯಾನರ್ ಎಷ್ಟು ಅಡಿ ಇರಬೇಕು?"

"ಅದೆಲ್ಲ ಆಮೇಲೆ" ಅಂದೆ. "ರಿಹರ್ಸಲ್ ಯಾವತ್ತು?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ರಿಹರ್ಸಲ್ ಬೇರೆ ಇರತ್ತಾ? ಇರಿ ಇರಿ, ಪೆನ್ ತಗೊಳ್ತೀನಿ."